ಗುಲಾಬಿಗೆ ದೃಷ್ಟಿಬೊಟ್ಟು

ಬಹಳ ಹಿಂದೆ, ಅಂದರೆ ಈಗಿರುವ ಯಾರೂ ತಮ್ಮನ್ನೇ ಆಡಿಕೊಂಡರೆಂದು ಸಿಟ್ಟಾಗಲು ಸಾಧ್ಯವಿಲ್ಲದಷ್ಟು ಹಿಂದೆ, ಪಾಟಲಗಿರಿ ಎಂಬ ರಾಜ್ಯವಿತ್ತು. ಅದನ್ನು ಮೇಘಹಸ್ತ ಮಹಾರಾಜರು ಆಳುತ್ತಿದ್ದರು. ಆಳುವುದೆಂದರೆ, ದಿನವೂ ಸೂರ್ಯಾಸ್ತದ ಹೊತ್ತಿಗೆ ಅರಮನೆಯ ಗುಲಾಬಿ ತೋಟಕ್ಕೆ ಚಿತ್ತೈಸಿ, ಚಿನ್ನದ ಹೂಜಿಯಿಂದ ಗಿಡಗಳ ತಲೆಯ ಮೇಲೆ ನೀರು ಸುರಿಯುವುದು. ಉಳಿದ ಕೆಲಸಗಳನ್ನು ಆಯಾ ಇಲಾಖೆಗಳು ಮುಂದೂಡುತ್ತಿದ್ದವು.

ಬುಡಕ್ಕೆ ಹಾಕದೆ ತಲೆಗೇಕೆ ಎಂದು ನೀವು ಕೇಳಬಹುದು. ಪ್ರಚಾರ ಇಲಾಖೆ ಅದನ್ನು ಆಳವಾಗಿ ಅಧ್ಯಯನ ಮಾಡಿತ್ತು. ಸಂಜೆಯ ಹೊಂಬೆಳಕಿನಲ್ಲಿ ಎಲೆಯ ಮೇಲಿನ ಹನಿ ಚಿತ್ರಪಟದಲ್ಲಿ ಮುತ್ತಿನಂತೆ ಕಾಣುತ್ತದೆ. ಬುಡದ ಒದ್ದೆ ಮಣ್ಣು, ಎಷ್ಟೇ ಬಣ್ಣ ಬಳಿದರೂ, ಮಣ್ಣಿನಂತೆಯೇ ಕಾಣುತ್ತದೆ. ಚಿತ್ರದಲ್ಲಿ ತೋಟ ತುಂಬಿ ತುಳುಕಬೇಕೆಂದು ಗಿಡಗಳನ್ನು ಒತ್ತೊತ್ತಾಗಿ ನೆಡಿಸಿದ್ದರು. ನಡುವೆ ಗಾಳಿಗೆ ಜಾಗವಿರಲಿಲ್ಲ. ಗಾಳಿ ಚಿತ್ರದಲ್ಲಿ ಕಾಣುವುದೂ ಇಲ್ಲ.

ಒಂದು ಮಳೆಗಾಲ ಎಲೆಗಳ ಮೇಲೆ ಕಪ್ಪು ಚುಕ್ಕೆಗಳು ಮೂಡಿದವು. ಚುಕ್ಕೆಯ ಸುತ್ತ ಹಳದಿ ಹಬ್ಬಿತು. ಹಳದಿಯಾದ ಎಲೆ ಉದುರಿತು.

"ಇದೇನು, ಅಮಾತ್ಯರೇ?" ಎಂದರು ಮಹಾರಾಜರು.

ಮಹಾಮಾತ್ಯ ಅನುಮೋದವರ್ಮರು ಎಲೆಯನ್ನು ನೋಡಲಿಲ್ಲ. ಮಹಾರಾಜರ ಮುಖವನ್ನು ನೋಡಿದರು. ಅಲ್ಲಿ ಕಳವಳ ಕಂಡಿತು. ಕಳವಳ ಕಂಡಾಗ ಏನನ್ನಬೇಕೆಂಬುದರಲ್ಲಿ ಅವರಿಗೆ ಇಪ್ಪತ್ತು ವರ್ಷಗಳ ಸೇವಾನುಭವವಿತ್ತು.

"ದೃಷ್ಟಿಬೊಟ್ಟು, ಪ್ರಭು."

"ದೃಷ್ಟಿಬೊಟ್ಟೇ?"

"ಮುದ್ದಾದ ಮಗುವಿನ ಕೆನ್ನೆಗೆ ತಾಯಿ ಕಾಡಿಗೆಯ ಬೊಟ್ಟಿಡುವುದಿಲ್ಲವೇ? ತಮ್ಮ ಕೈನೀರು ಕುಡಿದ ಗಿಡಗಳು ಅಷ್ಟು ಚೆಲುವಾಗಿವೆ. ನೆರೆರಾಜ್ಯದವರ ಕಣ್ಣು ತಾಗೀತೆಂದು ಪ್ರಕೃತಿಯೇ ಬೊಟ್ಟಿಟ್ಟಿದ್ದಾಳೆ. ಇದೊಂದು ಸ್ವಯಂಚಾಲಿತ ಭದ್ರತಾ ವ್ಯವಸ್ಥೆ."

"ಎಲೆ ಉದುರುತ್ತಿದೆಯಲ್ಲ?"

"ದೃಷ್ಟಿಯನ್ನೆಲ್ಲ ತಾನೇ ಹೀರಿಕೊಂಡು ಹುತಾತ್ಮವಾಗುತ್ತಿದೆ, ಪ್ರಭು."

ಮಹಾರಾಜರು ಕಣ್ಣೊರೆಸಿಕೊಂಡರು. ಚಿತ್ರಕಾರರು ಅದನ್ನೂ ಬರೆದುಕೊಂಡರು.

ತೋಟದ ಮೂಲೆಯಲ್ಲಿ ಕುಡುಗೋಲು ಹಿಡಿದು ನಿಂತಿದ್ದ ಮಾಲಿ ಕೆಂಪಾಜಮ್ಮ ಮಾತ್ರ ಉದುರಿದ ಎಲೆಯನ್ನೇ ನೋಡುತ್ತಿದ್ದಳು. ಅರಮನೆಯ ಗೋಡೆಯ ಹಿಂದೆಯೇ ಅವಳ ಮನೆ. ಮನೆಯ ಮುಂದೆ ಅವಳ ಅವ್ವ ನೆಟ್ಟ ಹನ್ನೆರಡು ನಾಟಿ ಗುಲಾಬಿ ಗಿಡಗಳು. ಆ ಹೂ ಕಟ್ಟಿ ಮಾರಿದರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಮಾಲಿಯ ಸಂಬಳ ಪರಿಶೀಲನೆಯಲ್ಲಿತ್ತು. ಈ ಚುಕ್ಕೆ ಗೋಡೆ ಹಾರಿದರೆ ತನ್ನ ಗಿಡ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ಮುಂದೆ ಬಂದು ಅಡ್ಡಬಿದ್ದಳು.

"ಬುದ್ಧೀ, ತಪ್ಪಾದ್ರೆ ಹೊಟ್ಟೆಗಾಕ್ಕಳಿ. ಬೊಟ್ಟಲ್ಲ ಅದು, ಬೂಷ್ಟಿನ ರೋಗ. ಸಂಜೆ ಹೊತ್ನಲ್ಲಿ ತಲೆಗೆ ನೀರಾಕಿ ಒರಸ್ದೆ ಮಲಗಿಸುದ್ರೆ ಮಗೀಗೆ ಶೀತ ಆಗಕಿಲ್ವಾ? ಗಿಡಕ್ಕೂ ಅಂಗೇಯ. ನೀರ ಬೆಳಿಗ್ಗೆ ಉಯ್ಯಿ, ಬುಡಕ್ಕೆ ಉಯ್ಯಿ. ಉದುರಿದ ಎಲೆ ಒಂದೂ ಬುಡ್ದೆ ಗುಡಿಸಿ ಸುಟ್ಟಾಕ್ಬೇಕು. ಕೊಂಬೆ ಸವರಿ ಗಾಳಿ ಆಡಕ್ಕೆ ಬುಟ್ಟು, ಮೈಲುತುತ್ತ ಸುಣ್ಣ ಕಲಸಿದ ನೀರ ಚುಮುಕಿಸುದ್ರೆ ಉಳ್ಕತವೆ."

ಇಷ್ಟು ಸರಳವಾದ ಮಾತನ್ನು ಆಸ್ಥಾನ ಹಾಗೆಯೇ ಒಪ್ಪಿದರೆ ಆಸ್ಥಾನದ ಮರ್ಯಾದೆ ಏನಾಗಬೇಕು? ಉನ್ನತಾಧಿಕಾರ ಸಮಿತಿ ರಚನೆಯಾಯಿತು. ಸಮಿತಿ ಒಂದು ತಿಂಗಳು ಬಾದಾಮಿ ಹಾಲು ಕುಡಿದು ವರದಿ ಕೊಟ್ಟಿತು. ಬೆಳಗಿನ ಬೆಳಕು ಮಹಾರಾಜರ ಎಡಗೆನ್ನೆಗೆ ಹೊಂದುವುದಿಲ್ಲವಾದ್ದರಿಂದ ನೀರಿನ ವೇಳೆ ಬದಲಿಸುವಂತಿಲ್ಲ. ಕೊಂಬೆ ಸವರುವುದು ರಾಜ್ಯದ ಬೆಳವಣಿಗೆ ದರಕ್ಕೆ ಕತ್ತರಿ ಹಾಕಿದಂತೆ. ಮೈಲುತುತ್ತದ ಬಣ್ಣ ನೀಲಿ, ನೆರೆರಾಜ್ಯದ ಬಾವುಟವೂ ನೀಲಿ. ಇದರ ಹಿಂದಿನ ಕೈಗಳನ್ನು ಪತ್ತೆಹಚ್ಚಬೇಕು. ಉದುರಿದ ಎಲೆ ಗುಡಿಸುವ ಸಲಹೆ ಮಾತ್ರ ಅತ್ಯುತ್ತಮ.

"ಆದರೆ ಸುಡುವುದೇ?" ಎಂದು ಅನುಮೋದವರ್ಮರು ಕಿವಿ ಮುಚ್ಚಿಕೊಂಡರು. "ಮಹಾರಾಜರ ಕೈನೀರು ಬಿದ್ದ ಎಲೆ ಪ್ರಸಾದ. ಅದು ಪ್ರಜೆಗಳಿಗೆ ಸೇರಬೇಕು."

ಹೀಗೆ 'ಮನೆ ಮನೆಗೆ ಬೊಟ್ಟು' ಯೋಜನೆ ಉದ್ಘಾಟನೆಯಾಯಿತು. ಎತ್ತಿನ ಗಾಡಿಗಳು ತಮಟೆಯೊಡನೆ ಬೀದಿ ಬೀದಿಗೆ ಹೋಗಿ ಮನೆಗೊಂದು ಹಿಡಿ ಚುಕ್ಕೆಯೆಲೆ ಹಂಚಿದವು. ಅದನ್ನು ಸ್ವಂತ ಗುಲಾಬಿಯ ಬುಡದಲ್ಲಿ ಹರಡಿ, ಸೂರ್ಯಾಸ್ತಕ್ಕೆ ಸರಿಯಾಗಿ ಗಿಡದ ತಲೆಗೆ ನೀರು ಸುರಿಯಬೇಕೆಂದು ಆಜ್ಞೆ. ಎರಡು ತಿಂಗಳಲ್ಲಿ ಊರಿನ ಗಿಡಗಳೆಲ್ಲ ಬೊಟ್ಟಿಟ್ಟುಕೊಂಡು ಬೋಳಾದವು. ಯೋಜನೆ ಶೇಕಡಾ ನೂರರಷ್ಟು ಗುರಿ ಮುಟ್ಟಿತು.

ಶೇಕಡಾ ನೂರು ಎಂದು ಬರೆದವನು ಬೊಟ್ಟು ಪರಿವೀಕ್ಷಕ ಮಾರನಾಯಕ. ಅವನು ಕೆಂಪಾಜಮ್ಮನ ಮನೆಗೂ ಬಂದಿದ್ದ. ಹನ್ನೆರಡು ಗಿಡಗಳು ಹಚ್ಚಹಸಿರಾಗಿ, ಹೂ ತುಂಬಿ ನಿಂತಿದ್ದವು.

"ಏನಮ್ಮೋ ಕೆಂಪಾಜಿ, ಒಂದು ಬೊಟ್ಟೂ ಇಲ್ವಲ್ಲ? ಸರ್ಕಾರದ ಎಲೆ ಎಲ್ಲಾಕ್ದೆ?"

"ಒಲೆಗೆ."

"ಅಯ್ಯೋ ನಿನ್ ಬಾಯಿಗಿಷ್ಟು! ರಾಜದ್ರೋಹ ಕಣಮ್ಮೋ ಇದು."

"ಬರ್ಕಳಪ್ಪ. ಬರದ್ಮೇಲೆ, ಗುರುವಾರ ನಿನ್ ಮಗಳ ಧಾರೇಗೆ ಹಾರ ಯಾರ್ ಕಟ್ಟಾರು ನೋಡ್ಕ. ಊರಲ್ಲಿ ಇನ್ಯಾರ ಮನೇಲದೆ ಹೂವ?"

ಮಾರನಾಯಕ ಗಿಡಗಳನ್ನು ನೋಡಿದ, ಆಕಾಶ ನೋಡಿದ. 'ಬೊಟ್ಟು ತೃಪ್ತಿಕರ' ಎಂದು ಬರೆದು, ಎರಡು ಹೂ ಜೇಬಿಗಿಳಿಸಿ ಹೊರಟ.

ಅಷ್ಟರಲ್ಲಿ ಪಟ್ಟಾಭಿಷೇಕದ ಬೆಳ್ಳಿಹಬ್ಬಕ್ಕೆ ತಿಂಗಳೊಂದೇ ಉಳಿಯಿತು. ಕಿರೀಟದಲ್ಲಿ ಹೊಸದಾಗಿ ಅರಳಿದ ಗುಲಾಬಿ ಮುಡಿಸುವುದು ಪಾಟಲಗಿರಿಯ ಪದ್ಧತಿ. ಇಡೀ ರಾಜ್ಯ ಹುಡುಕಿದರೂ ಒಂದು ಮೊಗ್ಗಿಲ್ಲ. ಕೊನೆಗೆ, ವಧುವಿನ ಹಾರದ ವಾಸನೆ ಹಿಡಿದ ಅರಮನೆಯ ದೂತರು ಗೋಡೆಯ ಹಿಂದೆ ಬಂದು ನಿಂತರು. ಕೆಂಪಾಜಮ್ಮ ನೇಣಿಗೆ ತಯಾರಾಗಿ ತಲೆ ಬಾಚಿಕೊಂಡಳು.

ಆದರೆ ಆದದ್ದೇ ಬೇರೆ. "ನೋಡಿದಿರಾ ಪ್ರಭು!" ಎಂದರು ಮಹಾರಾಜರನ್ನು ಅಲ್ಲಿಗೇ ಕರೆತಂದ ಅನುಮೋದವರ್ಮರು. "ನಮ್ಮ ಯೋಜನೆಯ ಅತಿ ಯಶಸ್ವಿ ಫಲಾನುಭವಿ!"

ಅವಳಿಗೆ ಶಾಲು ಹೊದಿಸಿದರು. ಬಿರುದು ಕೊಟ್ಟರು. ಇಷ್ಟಕ್ಕೇ ಬಿಟ್ಟಿದ್ದರೆ ಗಿಡ ಉಳಿಯುತ್ತಿತ್ತು. ಆದರೆ ಮಹಾರಾಜರ ಹೃದಯ ತುಂಬಿ ಬಂದಿತ್ತು.

"ಇಷ್ಟು ಚೆಲುವಾದ ಗಿಡಗಳಿಗೆ ಬೊಟ್ಟೇ ಇಲ್ಲವಲ್ಲ! ಕಣ್ಣು ಬಿದ್ದರೆ ಗತಿಯೇನು? ಇಂದಿನಿಂದ ಸಂಜೆಯ ನೀರು ಇಲ್ಲಿಯೇ. ನಾವೇ ಸುರಿಯುತ್ತೇವೆ."

"ಬ್ಯಾಡಿ ಬುದ್ಧೀ," ಎಂದು ಕೆಂಪಾಜಮ್ಮ ಕಾಲು ಹಿಡಿದಳು. "ಶಾಲು ನೀವೇ ಮಡಿಕಳಿ. ಬಿರುದೂ ಬ್ಯಾಡ. ನೀರೊಂದು ಬ್ಯಾಡಿ."

"ಎಂಥ ವಿನಯ!" ಎಂದಿತು ಆಸ್ಥಾನ.

ಮಹಾರಾಜರು ಎಂಟು ಸಂಜೆ ಸುರಿದರು. ಪ್ರತಿ ರಾತ್ರಿ ಅವಳು ಅದೇ ಶಾಲಿನಿಂದ ಎಲೆ ಎಲೆಯನ್ನೂ ಒರೆಸಿದಳು. ಹನ್ನೆರಡು ಗಿಡ, ಎರಡು ಕೈ. ಒಂಬತ್ತನೆಯ ದಿನ ಕೆಳಗಿನ ಎಲೆಯೊಂದರ ಮೇಲೆ ಸಾಸಿವೆಯಷ್ಟು ಕಪ್ಪು ಕಂಡಿತು. ಮಹಾರಾಜರು ಚಪ್ಪಾಳೆ ತಟ್ಟಿದರು. ತಿಂಗಳೊಳಗೆ ಹನ್ನೆರಡೂ ಬರೀ ಮುಳ್ಳಾಗಿ ನಿಂತವು.

ಬೆಳ್ಳಿಹಬ್ಬದ ದಿನ ಕಿರೀಟದಲ್ಲಿ ಗುಲಾಬಿಯ ಬದಲು ಕರೀ ರತ್ನದ ಬೊಟ್ಟು ಕೂರಿಸಲಾಯಿತು. ಮಹಾರಾಜರು ಕೆಂಪಾಜಮ್ಮನನ್ನು ವೇದಿಕೆಗೆ ಕರೆಸಿ, "ಸಂತೋಷವಾಯಿತೇ?" ಎಂದು ಕೇಳಿದರು.

"ಆಯ್ತು ಬುದ್ಧೀ. ಇನ್ಮೇಲೆ ಯಾರ ದೃಷ್ಟೀನೂ ಬೀಳಕಿಲ್ಲ," ಎಂದಳು ಅವಳು. "ನೋಡಕ್ಕೆ ಏನದೆ?"

ಪ್ರಚಾರ ಇಲಾಖೆ ಕೊನೆಯ ಪ್ರಶ್ನೆಯನ್ನು ಬಿಟ್ಟು ಅವಳ ಮಾತನ್ನು ಕಲ್ಲಿನಲ್ಲಿ ಕೆತ್ತಿಸಿ ಅರಮನೆಯ ಬಾಗಿಲಲ್ಲಿ ನಿಲ್ಲಿಸಿತು.

ಹೂವಿಲ್ಲದ ರಾಜ್ಯ ಚಿತ್ರದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಆಮೇಲೆ ಮನೆಗೊಂದು ಕಾಗದದ ಗುಲಾಬಿ ಕಡ್ಡಾಯವಾಯಿತು. ಅರಮನೆಯ ಮಳಿಗೆಯಲ್ಲೇ ಕೊಳ್ಳಬೇಕು. ಸಂಜೆ ತಲೆಗೆ ನೀರು ಸುರಿಯುವ ಆಜ್ಞೆಯನ್ನು ಯಾರೂ ಹಿಂಪಡೆದಿರಲಿಲ್ಲವಾದ್ದರಿಂದ ಪ್ರಜೆಗಳು ಅದಕ್ಕೂ ಸುರಿದರು. ಕೆಂಪು ಬಣ್ಣ ಕರಗಿ ಹೊಸ್ತಿಲು ದಾಟಿ ಬೀದಿಗೆ ಹರಿಯಿತು. ಮರುದಿನ ಬೆಳಿಗ್ಗೆ ಎಲ್ಲರೂ ಮತ್ತೆ ಮಳಿಗೆಯ ಮುಂದೆ ಸಾಲು ನಿಂತರು.