ಸೇನಾಪತಿಗೆ ಪುಟ್ಟಿ

“ಬಣ್ಣ ಅನ್ನೋದು ನನ್ನ ಕೈಯಲ್ಲಿ ಆಡಿ ಬೆಳೆದ ಕೂಸು! ಹೆಬ್ಬೆರಳುದ್ದದ ಬೊಂಬೆಗೆ ಬಣ್ಣ ಹಚ್ಚೋಕೆ ನನಗೆ ಪಾಠ ಬೇರೆ ಬೇಕಾ?” ಎಂದು ಡಬಲ್ ಕೋಟು ಯಜಮಾನರು ತೋಳು ಮಡಚಿದಾಗಲೇ, ಒಳಗಿನಿಂದ ಅವರ ಹೆಂಡತಿ “ಶುರುವಾಯ್ತು” ಅಂದರು.

ಮೂವತ್ತೈದು ವರ್ಷ ಮನೆಗಳಿಗೆ ಬಣ್ಣ ಬಳಿದ ಕೈ ಅದು. ಯಾವ ಗೋಡೆಯನ್ನೂ ಒಂದೇ ಕೋಟು ಬಣ್ಣಕ್ಕೆ ಬಿಟ್ಟವರಲ್ಲ, ಅದಕ್ಕೇ ಆ ಅಡ್ಡಹೆಸರು. ಮಂಡಿ ಕೈಕೊಟ್ಟ ಮೇಲೆ ಏಣಿ ಹತ್ತುವುದು ನಿಂತುಹೋಗಿತ್ತು. ಕೂತಲ್ಲೇ ಗೊಣಗುವ ಮಾವನಿಗೆ, ಗಣಿತದ ಟೀಚರಾದ ಸೊಸೆ ತನ್ನ ಹುಚ್ಚಿನಲ್ಲೇ ಒಂದು ಪಾಲು ಕೊಟ್ಟಿದ್ದಳು. ಮೇಜಿನ ಮೇಲೆ ಆಟಿಕೆಯ ಗಿಡ, ಗುಡ್ಡ ಜೋಡಿಸಿ, ಪ್ಲಾಸ್ಟಿಕ್ ಬೊಂಬೆಗಳ ಸೇನೆ ಹೂಡಿ, ದಾಳ ಉರುಳಿಸಿ ಆಡುವ ಯುದ್ಧದಾಟ ಅದು. ಬೊಂಬೆಗಳಿಗೆ ಬಣ್ಣ ನಾವೇ ಹಚ್ಚಿಕೊಳ್ಳಬೇಕು. ಭಾನುವಾರ ಅವಳ ಪಂದ್ಯ. ಬಣ್ಣವಿಲ್ಲದ ಬೊಂಬೆಗೆ ಕಣದಲ್ಲಿ ಜಾಗವಿಲ್ಲ.

“ಮಾವ, ಮೊದಲು ಈ ಕಾಲಾಳುಗಳ ಮೇಲೆ ಕೈ ಪಳಗಿಸಿಕೊಳ್ಳಿ. ಬಣ್ಣ ನೀರು ನೀರಾಗಿರಲಿ. ಸೇನಾಪತಿನ ಮಾತ್ರ ಮುಟ್ಟಬೇಡಿ, ಅವನಿಲ್ಲದೆ ಪಂದ್ಯ ಗೆಲ್ಲೋದು ಕಷ್ಟ,” ಎಂದು ಮೂರು ಕೂದಲಿನ ಬ್ರಶ್ಶೊಂದನ್ನು ಕೈಗಿಟ್ಟು ಶಾಲೆಗೆ ಹೊರಟುಹೋದಳು.

ಯಜಮಾನರು ಅದನ್ನು ಬೆಳಕಿಗೆ ಹಿಡಿದರು. “ಲೇ, ಇದು ಬ್ರಶ್ಶೇನೇ? ಇಲಿ ಮೀಸೆ!”

“ಹೇಳಿದಷ್ಟು ಮಾಡಿ. ಕಾಲಾಳು ಅಂದ್ಲಲ್ಲ.”

“ಕಾಲಾಳು ಬಳಿಯೋಕೆ ನಾನೇನು ನಿನ್ನೆ ಮೊನ್ನೆ ಬ್ರಶ್ಶು ಹಿಡಿದವನಾ? ಸೇನಾಪತಿಗೇ ಹಚ್ಚಿ ತೋರಿಸ್ತೀನಿ. ಸಾಯಂಕಾಲ ನೋಡಿ ಕಾಲಿಗೆ ಬೀಳ್ತಾಳೆ!”

“ಬೀಳ್ತಾಳೆ. ಎಚ್ಚರ ತಪ್ಪಿ.”

ಕನ್ನಡಕ ಏರಿಸಿ ಸೇನಾಪತಿಯನ್ನು ನೋಡಿದ ಯಜಮಾನರು ಹೌಹಾರಿದರು. ಮೈತುಂಬಾ ಬಿರುಕು! ಹಣೆಯ ಕೆಳಗೆ ಎರಡು ಗುಳಿ, ಮೂಗಿನ ಕೆಳಗೆ ಅಡ್ಡಕ್ಕೊಂದು ಸೀಳು, ಎದೆಯ ಮೇಲಂತೂ ಗೆರೆಗಳ ಸಂತೆ!

“ಎಂಥಾ ಕಳಪೆ ಮಾಲು! ಬಿರುಕು ಮುಚ್ಚದೆ ಬಣ್ಣ ಹಚ್ಚಿದರೆ ನನ್ನ ಕಸುಬಿಗೇ ಅವಮಾನ!”

ಮಂಚದ ಕೆಳಗಿನ ಡಬ್ಬಗಳು ಹೊರಬಂದವು. ಕಡ್ಡಿಯ ತುದಿಯಲ್ಲಿ ಪುಟ್ಟಿ ತೆಗೆದು ಒಂದೊಂದೇ ಬಿರುಕಿಗೆ ಮೆತ್ತಿದರು. ಫ್ಯಾನಿನ ಕೆಳಗೆ ಒಣಗಿಸಿ, ಸ್ಯಾಂಡ್‌ಪೇಪರಿನಲ್ಲಿ ನುಣ್ಣಗೆ ಉಜ್ಜಿದರು. ಮೇಲೆ, ಬಾಗಿಲಿಗೆ ಬಳಿದು ಉಳಿದಿದ್ದ ಎನಾಮೆಲ್ ಒಂದು ಕೋಟು. ಊಟ ಮಾಡಿ ಒಂದು ನಿದ್ದೆ ತೆಗೆದರು. ಎದ್ದು ಇನ್ನೊಂದು ಕೋಟು!

“ಬಾರೇ, ನೋಡು ಬಾ! ಕನ್ನಡಿ ಇದ್ದ ಹಾಗಿದೆ!”

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಸುತ್ತ ಬಗ್ಗಿ ನೋಡಿದರು. “ಚೆನ್ನಾಗಿದೆ. ಮುಖ ಯಾವ ಕಡೆ?”

“ಇದೇ ಕಡೆ ಕಣೇ.”

“ಕಣ್ಣು?”

“ಕಣ್ಣು…”

“ಬಾಯಿ?”

ತೆರೆದಿದ್ದದ್ದು ಯಜಮಾನರ ಬಾಯಿ ಮಾತ್ರ. ಬಿರುಕೆಂದು ತಾವು ಮುಚ್ಚಿದ್ದು ಏನನ್ನು ಎಂದು ಅವರಿಗೆ ಆಗ ಹೊಳೆಯಿತು. ಗಂಟೆ ನಾಲ್ಕೂವರೆ! ಸೊಸೆ ಬರಲು ಇನ್ನರ್ಧ ಗಂಟೆ!

“ಥಿನ್ನರ್! ಥಿನ್ನರ್ ಎಲ್ಲಿಟ್ಟೆ?”

ಬಟ್ಟಲ ತುಂಬ ಥಿನ್ನರ್ ಸುರಿದು ಸೇನಾಪತಿಯನ್ನು ತಲೆ ಮುಳುಗಿಸಿ ಕೂರಿಸಿದರು. ಬಣ್ಣ ಬಿಟ್ಟಿತು, ಸುಳ್ಳಲ್ಲ. ಅದರ ಹಿಂದೆಯೇ ಪ್ಲಾಸ್ಟಿಕ್ಕೂ ಸೋಲೊಪ್ಪಿತು! ಕತ್ತಿ ಬಗ್ಗಿ ಸೌಟಾಯಿತು. ಸೌಟು ತೋಳಿಗಂಟಿತು, ತೋಳು ಹೊಟ್ಟೆಗಂಟಿತು. ಒಂದೇ ಒಂದು ಯುದ್ಧ ಕಾಣದ ಆ ಮಹಾವೀರ ಬಟ್ಟಲಲ್ಲೇ ಕುಸಿದು ಗುಪ್ಪೆಯಾದ.

ಸೊಸೆ ಬಂದಳು. ಬಟ್ಟಲು ನೋಡಿದಳು, ಮಾವನನ್ನು ನೋಡಿದಳು. ಇಬ್ಬರಲ್ಲಿ ಯಾರು ಹೆಚ್ಚು ಕುಗ್ಗಿದ್ದಾರೆಂದು ಹೇಳುವುದು ಕಷ್ಟವಿತ್ತು.

“ಮಾವ, ಇದು…”

“ತಪ್ಪಾಯ್ತಮ್ಮ. ಬಿರುಕು ಅಂದ್ಕೊಂಡೆ.”

ಮೂವತ್ತೈದು ವರ್ಷದಲ್ಲಿ ಯಾವ ಮನೆಯ ಮಾಲೀಕನಿಗೂ ಅವರು ‘ತಪ್ಪಾಯ್ತು’ ಅಂದವರಲ್ಲ! ಸೊಸೆ ಅಳುವುದೋ ನಗುವುದೋ ತಿಳಿಯದೆ ತುಟಿ ಕಚ್ಚಿಕೊಂಡಳು. “ಹೋಗ್ಲಿ ಬಿಡಿ. ಕಾಲಾಳುಗಳಿಗೆ ಇಬ್ರೂ ಸೇರಿ ಬಣ್ಣ ಹಚ್ಚೋಣ. ಭಾನುವಾರ ನೀವೂ ಬನ್ನಿ. ಇದನ್ನೂ ತಗೊಂಡು ಹೋಗಿ, ಕಣದಲ್ಲಿ ಇಡೋಕೆ ಒಪ್ಪಿಕೊಳ್ತಾರಾ ಅಂತ ತೀರ್ಪುಗಾರರನ್ನ ಕೇಳೋಣ.”

ಭಾನುವಾರ ಸಂಜೆ ಇಬ್ಬರೂ ಹಿಂತಿರುಗಿದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

“ಏನಾಯ್ತು ನಿಮ್ಮ ಸೇನಾಪತಿ ಕಥೆ?”

“ಒಪ್ಪಿಕೊಂಡರು!” ಯಜಮಾನರು ಎದೆಯುಬ್ಬಿಸಿದರು. “ಕಣದ ನಟ್ಟನಡುವೆ ಇಟ್ಟರು! ಅವನ ಹಿಂದೆ ಅಡಗಿಕೊಂಡೇ ನಮ್ಮ ಕಾಲಾಳುಗಳು ಪಂದ್ಯ ಗೆದ್ದದ್ದು!”

“ಹೌದಾ! ಸೇನಾಪತಿ ಅಂತಲೇ ಒಪ್ಪಿಕೊಂಡರಾ?”

ಸೊಸೆ ಬೇರೆ ಕಡೆ ಮುಖ ತಿರುಗಿಸಿದಳು. ಯಜಮಾನರು ಚಪ್ಪಲಿ ಬಿಡುತ್ತ, ನೆಲಕ್ಕೆ ಹೇಳುವಂತೆ ಹೇಳಿದರು: “ಬಂಡೆ ಅಂತ.”

“ಅದಕ್ಯಾಕೆ ಬೇಜಾರು?” ಹೆಂಡತಿ ಅವರ ಕೈಯ ಚೀಲ ಇಸಿದುಕೊಂಡರು. “ನಲವತ್ತು ವರ್ಷದಿಂದ ನಾನು ನಿಮ್ಮನ್ನ ಒಪ್ಪಿಕೊಂಡಿರೋದೂ ಹಾಗೇ ಅಲ್ವಾ!”