ಕ್ರಿಯಾಪದ ಬರುವ ಮುಂಚೆ

ಎಲ್ಲಾ ಅನಾಹುತಕ್ಕೂ ಕಾರಣ ಕ್ರಿಯಾಪದ. ಆ ಊರಿನ ಭಾಷೆಯಲ್ಲಿ ಅದು ವಾಕ್ಯದ ಕಟ್ಟಕಡೆಗೆ, ಮದುವೆಗೆ ತಡವಾಗಿ ಬಂದ ನೆಂಟನ ಹಾಗೆ, ನಿಧಾನವಾಗಿ ಬರುತ್ತದೆ. ಹೊರದೇಶದಿಂದ ಧರ್ಮಪ್ರಚಾರಕ್ಕೆಂದು ಬಂದಿದ್ದ ಇಪ್ಪತ್ತಮೂರು ವರ್ಷದ ಹುಡುಗನೊಬ್ಬ ಹನ್ನೊಂದು ತಿಂಗಳು ದಪ್ಪ ವ್ಯಾಕರಣದ ಪುಸ್ತಕವೊಂದನ್ನು ಉರುಹೊಡೆದು, ಮನೆ ಬಾಗಿಲಲ್ಲಿ ಹೇಳಲು ಒಂದು ವಾಕ್ಯ ಸಿದ್ಧಮಾಡಿಕೊಂಡಿದ್ದ: “ನಿಮ್ಮ ಅಂತರಂಗದಲ್ಲಿ ಬಹುಕಾಲದಿಂದ ಕಟ್ಟಿಕೊಂಡಿರುವ ಕೊಳೆಯನ್ನು ತೊಳೆಯುವ ದಾರಿಯನ್ನು ತಿಳಿಸಲು ನಾನು ಬಂದಿದ್ದೇನೆ.”

ವಾಕ್ಯ ಚೆನ್ನಾಗಿಯೇ ಇತ್ತು. ಆದರೆ ‘ಬಹುಕಾಲದಿಂದ’ ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಅವನು ಯಾಕೆ ಬಂದಿದ್ದಾನೆ ಎಂಬುದು ಇಡೀ ಬೀದಿಯಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಎಂಥಾ ಸೆಕೆಯಲ್ಲೂ ಟೈ ಬಿಚ್ಚದ ಅವನಿಗೆ ‘ಟೈಯಣ್ಣ’ ಎಂದು ಹೆಸರಿಟ್ಟು ಸುಮ್ಮನಾಗಿದ್ದರು.

ಅವತ್ತು ಬೆಳಿಗ್ಗೆ ಅವನನ್ನು ಕಳಿಸಿದ್ದ ಪ್ರಚಾರಸಂಘದ ಹಿರಿಯರಿಂದ ಕಾಗದ ಬಂತು. “ಇಂದು ಸಂಜೆ ಐದಕ್ಕೆ ಬರುತ್ತೇನೆ. ಅಷ್ಟರೊಳಗೆ ಒಂದೇ ಒಂದು ಮನೆಯವರಾದರೂ ನಿನ್ನನ್ನು ‘ಮತ್ತೆ ಬಾ’ ಎಂದು ಕರೆದಿರಬೇಕು. ಇಲ್ಲವಾದರೆ ಬೆಟ್ಟದಾಚೆಯ ಊರಿಗೆ ಕಳಿಸುತ್ತೇನೆ. ಅಲ್ಲಿಯ ಭಾಷೆ ಬೇರೆ.”

ಕೊನೆಯ ವಾಕ್ಯವನ್ನು ಹುಡುಗ ಮೂರು ಸಲ ಓದಿದ. ಹನ್ನೊಂದು ತಿಂಗಳು ನಿದ್ದೆಗೆಟ್ಟು ಕಲಿತ ಭಾಷೆ! ಜಗಳವಾಡಿದ ಹೆಂಡತಿಯ ಮೇಲೆ ಬರುವಂಥ ಪ್ರೀತಿ ಅವನಿಗೆ ಅದರ ಮೇಲೆ ಬಂದುಬಿಟ್ಟಿತ್ತು. ಬಿಟ್ಟುಹೋಗುವುದಾದರೂ ಹೇಗೆ? ಯೋಚಿಸಿ ಯೋಚಿಸಿ ಒಂದು ಉಪಾಯ ಮಾಡಿದ. ಬಾಗಿಲು ಮುಚ್ಚುವುದರೊಳಗೆ ಕ್ರಿಯಾಪದ ಮುಟ್ಟುವ ಹಾಗೆ ವಾಕ್ಯವನ್ನೇ ಕತ್ತರಿಸಿದ.

ಬೀದಿಯ ತುದಿಯಲ್ಲಿ ಆರು ಮನೆಗಳ ಒಂದು ಕಟ್ಟಡ. ಮೂರನೇ ಮಹಡಿಯ ಅಜ್ಜಿ ಬಾಗಿಲು ತೆರೆದದ್ದೇ ತಡ, ಒಂದೇ ಉಸಿರಿಗೆ ಹೇಳಿದ: “ಕೊಳೆ ತೊಳೆಯಲು ಬಂದಿದ್ದೇನೆ!”

ಅಜ್ಜಿ ಬಿಟ್ಟ ಕಣ್ಣು ಬಿಟ್ಟಂತೆ ನಿಂತರು. “ಅಯ್ಯೋ ನಿನ್ನ! ಇಷ್ಟು ದಿನದಿಂದ ಇದನ್ನ ಹೇಳೋಕೆ ಒದ್ದಾಡ್ತಿದ್ಯಾ? ಮೊದ್ಲೇ ಬಾಯಿ ಬಿಡೋದಲ್ವೇನೋ! ಬಾ, ಬಾ ಒಳಗೆ.”

ಕೈ ಹಿಡಿದು ಎಳೆದುಕೊಂಡರು. ಈ ಊರಿಗೆ ಬಂದ ಮೇಲೆ ಹುಡುಗ ದಾಟಿದ ಮೊದಲ ಹೊಸ್ತಿಲು ಅದು. ಅವನ ಕಣ್ಣು ತುಂಬಿತು.

“ಕೊಳೆ ಎಂಬುದು ಒಳಗಿರುತ್ತದೆ, ತಾಯಿ. ಕಣ್ಣಿಗೆ ಕಾಣುವುದಿಲ್ಲ,” ಎಂದ.

“ಕಾಣಲ್ವಾ? ನಲ್ಲಿ ತಿರುಗಿಸಿ ನೋಡು, ಹಸಿರು ಹಸಿರಾಗಿ ಬರತ್ತೆ! ಆ ಟ್ಯಾಂಕ್ ತೊಳೆಯೋನು ಇವತ್ತು ಬರ್ತೀನಿ ನಾಳೆ ಬರ್ತೀನಿ ಅಂತ ತಿಂಗಳಿಂದ ಆಟ ಆಡಿಸ್ತಿದಾನೆ.”

ಅಜ್ಜಿ ಅವನನ್ನು ತಾರಸಿಗೆ ಹತ್ತಿಸಿಯೇಬಿಟ್ಟರು. ಅಲ್ಲಿ ಮನೆಗೊಂದರಂತೆ ಆರು ಕರಿ ಟ್ಯಾಂಕುಗಳು. ಹುಡುಗನಿಗೆ ಆಗ ಎಡವಟ್ಟಾದದ್ದು ಗೊತ್ತಾಯಿತು.

“ತಾಯಿ, ನಾನು ಹೇಳಿದ್ದು ಆತ್ಮಕ್ಕೆ ಸಂಬಂಧಪಟ್ಟ...”

“ಸಂಬಂಧದ ಮಾತೆಲ್ಲಾ ಆಮೇಲೆ ಕಣಪ್ಪ. ಮೊದ್ಲು ಇಳಿ.”

ಯಾರು ಸೇವೆ ಕೇಳಿದರೂ ಇಲ್ಲ ಎನ್ನಕೂಡದು ಎಂಬುದು ಅವನು ಕೊಟ್ಟು ಬಂದ ಮಾತು. ಪ್ಯಾಂಟು ಮಡಚಿ, ಟೈಯನ್ನು ಭುಜದ ಹಿಂದಕ್ಕೆಸೆದುಕೊಂಡು ಇಳಿದ. ಮೊಣಕಾಲಿನವರೆಗೆ ಕೆಸರು, ಸುತ್ತ ಪಾಚಿ. ಆದರೆ ಒಂದು ಸುಖವಿತ್ತು. ಅಲ್ಲಿ ಮುಚ್ಚಿಕೊಳ್ಳಲು ಬಾಗಿಲಿರಲಿಲ್ಲ. ಉಜ್ಜುತ್ತಾ ಉಜ್ಜುತ್ತಾ ತನ್ನ ಹಳೆಯ ವಾಕ್ಯವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳಿದ. ‘ಬಂದಿದ್ದೇನೆ’ ಎಂಬುದು ಟ್ಯಾಂಕಿನೊಳಗೆ ಮೂರು ಸಲ ಮೊಳಗಿತು.

“ಯಾರದು ಟ್ಯಾಂಕೊಳಗೆ ಇಷ್ಟು ಶುದ್ಧವಾಗಿ ಮಾತಾಡ್ತಿರೋದು?” ಬಟ್ಟೆ ಒಣಹಾಕಲು ಬಂದಿದ್ದ ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು ಇಣುಕಿದರು. “ಓ, ಟೈಯಣ್ಣ! ವಿಭಕ್ತಿ ಪ್ರತ್ಯಯ ಒಂದೂ ತಪ್ಪಿಲ್ಲ, ಭೇಷ್! ಪಕ್ಕದ ಟ್ಯಾಂಕ್ ನಮ್ದೇ, ಮರೀಬೇಡ.”

ಮೇಷ್ಟ್ರಿಗೆ ಗೊತ್ತಾದ ಮೇಲೆ ಊರಿಗೆ ಡಂಗುರ ಬೇರೆ ಬೇಕೆ? ಮಧ್ಯಾಹ್ನದ ಹೊತ್ತಿಗೆ ಆರೂ ಮನೆಯವರು ಬಕೆಟ್ಟು ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬರು ‘ಮೂಲೆ ಉಜ್ಜು’ ಎಂದರೆ ಇನ್ನೊಬ್ಬರು ‘ಮೂಲೆ ಎಲ್ಲಿದೆ, ಟ್ಯಾಂಕ್ ದುಂಡಗಿದೆ’ ಎಂದು ಜಗಳಕ್ಕಿಳಿದರು.

ಹುಡುಗ ನಾಲ್ಕನೇ ಟ್ಯಾಂಕಿನಲ್ಲಿದ್ದಾಗ, ತಿಂಗಳಿಂದ ಕೈಕೊಟ್ಟಿದ್ದ ಅಸಲಿ ಟ್ಯಾಂಕಿನವನು ಉದ್ದ ಹಿಡಿಯ ಬ್ರಷ್ಷಿನೊಂದಿಗೆ ಪ್ರತ್ಯಕ್ಷನಾದ.

“ಯಾರಯ್ಯ ನೀನು, ನನ್ನ ಕೆಲಸಕ್ಕೇ ಕೈ ಹಾಕಿರೋನು?”

“ಅಣ್ಣಾ, ನಿಜವಾಗಿ ನಾನು ಬಂದದ್ದು ಈ ಕೊಳೆಗಲ್ಲ. ಮನುಷ್ಯನ ಅಂತರಂಗದಲ್ಲಿ...”

“ಹೌದಾ? ಕಥೆ ಚೆನ್ನಾಗಿರೋ ಹಾಗಿದೆ. ನೀನು ಉಜ್ಜುತ್ತಾ ಹೇಳು, ನಾನು ಕೇಳ್ತೀನಿ,” ಎಂದು ಟ್ಯಾಂಕಿನವನು ನೆರಳಲ್ಲಿ ಕಾಲು ಚಾಚಿದ. ಹುಡುಗ ಹಿಗ್ಗಿ ಹೀರೇಕಾಯಿಯಾದ. ‘ಬಹುಕಾಲದಿಂದ’ ಎನ್ನುವಷ್ಟರಲ್ಲಿ ಗೊರಕೆ ಕೇಳಿಸಿತು.

ಐದಕ್ಕೆ ಸರಿಯಾಗಿ ಆರನೇ ಟ್ಯಾಂಕು ಮುಗಿಯಿತು. ತಲೆಯಿಂದ ಕಾಲಿನವರೆಗೆ ತೊಟ್ಟಿಕ್ಕುತ್ತಾ ಕೆಳಗಿಳಿದರೆ ಗೇಟಿನಲ್ಲಿ ಹಿರಿಯರು ನಿಂತಿದ್ದಾರೆ! ಅವನನ್ನು ಹುಡುಕಿಕೊಂಡು ಬಂದವರಿಗೆ ಅಜ್ಜಿ ಆಗಲೇ ವರದಿ ಒಪ್ಪಿಸುತ್ತಿದ್ದರು.

“ಏನು ಹೇಳ್ಲಿ ಸ್ವಾಮಿ, ಒಳಗಿದ್ದ ಹತ್ತು ವರ್ಷದ ಕೊಳೆ! ಒಂದೇ ದಿನದಲ್ಲಿ ತೆಗೆದುಬಿಟ್ಟ.”

“ಎಲ್ಲಾ ಕಲಕಿಹೋಗಿತ್ತು,” ಮೇಷ್ಟ್ರು ದನಿಗೂಡಿಸಿದರು. “ಈಗ ತಿಳಿಯಾಗಿದೆ. ತಳ ಕಾಣ್ಸುತ್ತೆ.”

ಹಿರಿಯರು ಒದ್ದೆ ಮುದ್ದೆಯಾಗಿದ್ದ ಹುಡುಗನನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. “ದೀಕ್ಷಾಸ್ನಾನವೂ ಆಗಿಹೋಯಿತೇ? ಎಷ್ಟು ಮನೆ?”

“ಆರು,” ಎಂದ ಹುಡುಗ. ಕೂಡಲೇ ಬೆಚ್ಚಿ, “ಅದು ಹಾಗಲ್ಲ. ನಾನು ತೊಳೆದದ್ದು ಇವರ ತಾರಸಿಯ ಮೇಲಿರುವ...”

“ವಿನಯ ಸಾಕು!” ಹಿರಿಯರು ಅವನನ್ನು ಬಾಚಿ ತಬ್ಬಿಕೊಂಡರು. ಸುತ್ತ ಆರೂ ಮನೆಯವರು ಒಟ್ಟಾಗಿ, “ಮತ್ತೆ ಬಾಪ್ಪಾ, ತಿಂಗಳಿಗೊಂದ್ಸಲ ತಪ್ಪದೆ ಬಾ!” ಎಂದರು.

ಅದೇ ಮಾತು! ಹನ್ನೊಂದು ತಿಂಗಳು ಕಾದ ಮಾತು! ಹುಡುಗನಿಗೆ ಅಳುವೇ ಬಂತು. ತಪ್ಪು ತಿಳಿದಾದರೂ ಕರೆದರಲ್ಲ, ಇಲ್ಲೇ ಇದ್ದರೆ ನಿಧಾನವಾಗಿ ತಿದ್ದಬಹುದು ಎಂದುಕೊಂಡ.

ಹಿರಿಯರೂ ಕಣ್ಣೊರೆಸಿಕೊಂಡರು. “ನಿನಗೆ ಭಾಷೆ ಹತ್ತಲಿಲ್ಲವೆಂದು ನಾನು ಚಿಂತಿಸಿದ್ದೆ. ಮಾತಿನಿಂದ ಒಂದೇ ದಿನದಲ್ಲಿ ಆರು ಮನೆ ಗೆದ್ದವನನ್ನು ಇಲ್ಲಿ ಕೂರಿಸುವುದು ಅನ್ಯಾಯ. ಸೋಮವಾರವೇ ಬೆಟ್ಟದಾಚೆ ಹೊರಡು. ನಿನ್ನಂಥವನಿಗೆ ಆ ಭಾಷೆ ಮೂರು ತಿಂಗಳ ಕೆಲಸ.”

ಹುಡುಗ ಒದ್ದೆ ಟೈ ಹಿಂಡುತ್ತಾ ಕೇಳಿದ: “ಕಷ್ಟದ ಭಾಷೆಯೇ?”

“ಒಂದೇ ವ್ಯತ್ಯಾಸ. ಅಲ್ಲಿ ಕ್ರಿಯಾಪದ ಮೊದಲು ಬರುತ್ತದೆ.”

ಹುಡುಗ ಮನಸ್ಸಿನಲ್ಲೇ ತನ್ನ ವಾಕ್ಯವನ್ನು ತಿರುಗಿಸಿ ನೋಡಿಕೊಂಡ. ಬಾಯಿ ತೆರೆದ ಕೂಡಲೇ ‘ಬಂದಿದ್ದೇನೆ ತೊಳೆಯಲು’ ಎಂದೇ ಶುರುವಾಗಬೇಕು. ಉಳಿದದ್ದನ್ನು ಕೇಳುವವರು ಯಾರು?

ಹಿಂದೆ ತಿರುಗಿ, ಕಣ್ಣುಜ್ಜಿಕೊಳ್ಳುತ್ತಾ ಆಗಷ್ಟೇ ಇಳಿದು ಬಂದಿದ್ದ ಟ್ಯಾಂಕಿನವನನ್ನು ಮೆಲ್ಲಗೆ ಕೇಳಿದ: “ಅಣ್ಣಾ, ಆ ಬ್ರಷ್ ಕೊಡ್ತೀರಾ?”