ಭಾವನ ಮರದ ತೋರಣ

ನಮ್ಮ ಭಾವನ ಕಣ್ಣೆದುರು ಮರದ ಸಾಮಾನು ಇಡಲೇಬಾರದು. ಇಟ್ಟಿರೋ, ದೀಪಾವಳಿಯ ಹೊತ್ತಿಗೆ ಅದು ನವಿಲಾಗಿ ಬಾಗಿಲಲ್ಲಿ ನೇತಾಡುತ್ತಿರುತ್ತದೆ!

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ; ಅವರೂ ನನ್ನನ್ನು ಭಾವ ಎಂದೇ ಕರೆಯುವುದು. ಬ್ರಹ್ಮಚಾರಿ. ಎಪ್ಪತ್ತರ ದಶಕದ ಕೊನೆಗೆ ಡೊಂಬಿವಲಿಯ ಚಾಳಿನಲ್ಲಿ ನಮ್ಮ ಜೊತೆಗೇ ಇದ್ದರು. ಕೆಲಸ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ. ಸಂಜೆ ಲೋಕಲ್ ರೈಲು ಇಳಿಯುವ ಜನರ ಚೀಲದಲ್ಲಿ ತರಕಾರಿ ಇದ್ದರೆ, ಇವರ ಚೀಲದಲ್ಲಿ ದರ್ಜಿಗಳು ಎಸೆದ ಖಾಲಿ ದಾರದ ರೀಲು, ಐಸ್‌ಕ್ರೀಮಿನ ಕಡ್ಡಿ, ಕಲ್ಯಾಣದಲ್ಲಿ ಲಟ್ಟಣಿಗೆ ಮಾಡುವವನ ಅಂಗಡಿಯಿಂದ ಆರಿಸಿ ತಂದ ಮರದ ಗುಂಡು!

ಗಣಪತಿ ನೀರಿಗೆ ಹೋದದ್ದೇ ತಡ, ದೀಪಾವಳಿಯ ತೋರಣದ ಕೆಲಸ ಶುರು. ಉಜ್ಜುವುದು, ಬಣ್ಣ ಬಳಿಯುವುದು, ಜರಿ ಅಂಟಿಸುವುದು. ಇದ್ದದ್ದೇ ಎರಡು ಕೋಣೆ. ನಾವು ಊಟಕ್ಕೆ ಕೂರಬೇಕಾದರೆ ಒಣಗಲು ಇಟ್ಟ ಆನೆಗಳ ಅಪ್ಪಣೆ ಕೇಳಬೇಕು!

ಅದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಆದರೆ ಆ ಆನೆಗಳನ್ನು ನೋಡುವಾಗ ನನ್ನ ಹೆಂಡತಿಯ ಮುಖದ ಮೇಲೆ ಅರಳುತ್ತಿದ್ದ ಬೆಳಕು ಇತ್ತಲ್ಲ, ಅದು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

"ಅಣ್ಣನ ಬೆರಳು ಹೇಗೆ ಓಡ್ತದೆ ನೋಡಿ!"

ನನ್ನ ಬೆರಳೂ ಓಡುತ್ತದೆ ಮಾರಾಯ್ರೇ, ಆಫೀಸಿನ ಟೈಪ್‌ರೈಟರಿನ ಮೇಲೆ! ಅದನ್ನು ನೋಡಲು ಯಾರು ಬರುತ್ತಾರೆ?

ಒಂದು ಭಾನುವಾರ ಸ್ನೇಹಿತರು ಕೇರಂ ಆಡಲು ಬಂದರು. ಡಬ್ಬಿ ತೆರೆದರೆ ಬಿಳಿ ಕಾಯಿ ಒಂದೂ ಇಲ್ಲ. ತಲೆ ಎತ್ತಿದೆ. ಕಿಟಕಿಯಲ್ಲಿ ಹಳದಿ ಎಸಳು ಅಂಟಿಸಿಕೊಂಡ ಸೂರ್ಯಕಾಂತಿಗಳು ನನ್ನನ್ನೇ ನೋಡಿ ನಗುತ್ತಿವೆ!

"ಭಾವ, ಇದು ನನ್ನ ಕೇರಂ ಕಾಯಿ ಅಲ್ವಾ?"

"ಹೌದಾ? ಸುಮ್ಮನೆ ಬಿದ್ದಿತ್ತು ಅಂತ ತಗೊಂಡೆ," ಎಂದ ಭಾವ ಸಮಾಧಾನಪಡಿಸಿದರು, "ರೆಡ್ ಮುಟ್ಟಲಿಲ್ಲ ಭಾವ. ಅದಕ್ಕೆ ಮೊದಲೇ ಬಣ್ಣ ಉಂಟಲ್ಲ."

ಹೆಂಡತಿ ನನ್ನ ಪರ ಬಂದಳೇ? "ಕೇರಂ ಯಾವಾಗ ಬೇಕಾದ್ರೂ ಆಡಬಹುದು. ಹೂ ಎಷ್ಟು ಚಂದ ಉಂಟು ನೋಡಿ!"

ಅವತ್ತೇ ನಿರ್ಧರಿಸಿದೆ, ನಾನೂ ಮಾಡಿ ತೋರಿಸುತ್ತೇನೆ! ಭಾವ ಓವರ್‌ಟೈಮಿಗೆ ಹೋದ ದಿನ ಅವರ ಡಬ್ಬದಿಂದ ಒಂದು ಮರದ ಗುಂಡು, ನಾಲ್ಕು ಕಡ್ಡಿ ಎತ್ತಿಕೊಂಡು ಗಿಳಿ ಮಾಡಲು ಕೂತೆ. ಹಸಿರು ಬಣ್ಣ ಗಿಳಿಗಿಂತ ನನಗೇ ಹೆಚ್ಚು ಹತ್ತಿತು. ಕೊಕ್ಕು ಗಿಳಿಯನ್ನು ಬಿಟ್ಟು ನನ್ನ ಹೆಬ್ಬೆರಳಿಗೆ ಅಂಟಿಕೊಂಡಿತು. ಅಂತೂ ಮುಗಿಸಿ ಗ್ಯಾಲರಿಯಲ್ಲಿ ಒಣಗಲು ಇಟ್ಟೆ.

ಪಕ್ಕದ ಮನೆಯ ಮರಾಠಿ ಬಾಯಿ ನೋಡಿದವರೇ, "ಅರೇ ವ್ಹಾ! ಬೇಡೂಕ್ ಛಾನ್ ಝಾಲಾಯ್!" ಎಂದರು. ಬೇಡೂಕ್ ಅಂದರೆ ಕಪ್ಪೆ!

ಹೆಂಡತಿ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. ಪಾಪ, ನನ್ನ ಮನಸ್ಸು ನೋಯಬಾರದೆಂದು ಬಹಳ ಮೆತ್ತಗೆ ಕೇಳಿದಳು, "ನಮ್ಮೂರಿನ ಹಸಿರು ಗುಳ್ಳ ಬದನೆಯಾ?"

"ಹಬ್ಬಕ್ಕೆ ಯಾರಾದರೂ ಬದನೆಕಾಯಿ ಕಟ್ಟುತ್ತಾರೇನೇ?"

"ಅದೇ ನಂಗೂ ಗೊತ್ತಾಗ್ಲಿಲ್ಲ."

ಕಪ್ಪೆಯೋ ಬದನೆಯೋ, ನೀರಿನ ಡ್ರಮ್ಮಿನ ಹಿಂದಕ್ಕೆ ಎಸೆದುಬಿಟ್ಟೆ.

ಹಬ್ಬದ ಹಿಂದಿನ ದಿನ ಭಾವ ಸ್ಟೂಲು ಹತ್ತಿ ತೋರಣ ಕಟ್ಟುತ್ತಿದ್ದರು. ಆನೆ, ನವಿಲು, ಹೂ ಎಲ್ಲ ಸಾಲಾಗಿ ಏರಿದವು. ಚಾಳಿನ ಜನ ನಿಂತು ನೋಡುತ್ತಿದ್ದರು. ನಾನು ಪೇಪರಿನ ಹಿಂದೆ ಮುಖ ಮರೆಸಿಕೊಂಡು ಹೊಟ್ಟೆ ಉರಿಸಿಕೊಳ್ಳುತ್ತ ಕೂತಿದ್ದೆ. ಭಾವ ಕೆಳಗಿಳಿದು ಬಂದು ನನ್ನ ಮುಂದೆ ನಿಂತರು. ಅಂಗೈಯಲ್ಲಿ, ಜೇಡರಬಲೆ ಒರೆಸಿದ ನನ್ನ ಆ ವಸ್ತು! ಇನ್ನು ನಗುತ್ತಾರೆ ಎಂದು ಹಲ್ಲು ಕಚ್ಚಿದೆ.

"ಭಾವ, ಈ ಗಿಳಿಯನ್ನು ನಡುವಿಗೆ ಕಟ್ಟುವುದಾ?"

ಅದು ಗಿಳಿಯೆಂದು ನಾನು ಯಾರಿಗೂ ಹೇಳಿರಲಿಲ್ಲ.

"ನಿಮಗೆ ಯಾರು ಹೇಳಿದ್ದು ಗಿಳಿ ಅಂತ?"

"ಹೇಳ್ಬೇಕಾ ಅದನ್ನು? ಕುತ್ತಿಗೆ ಓರೆ ಮಾಡಿ ಹೇಗೆ ನೋಡ್ತಾ ಉಂಟು!" ಎಂದು ದಾರವನ್ನು ನನ್ನ ಕೈಗಿಟ್ಟರು. "ಗಂಟು ನೀವೇ ಹಾಕಿ."

ಸ್ಟೂಲು ಹತ್ತಿದೆ. ದಾರ ಯಾಕೋ ಸರಿಯಾಗಿ ಕಾಣಿಸಲಿಲ್ಲ. ಕೆಳಗೆ ಭಾವ ಸ್ಟೂಲಿನ ಕಾಲುಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.